ನಿದ್ರೆಯಲ್ಲಿ ಶ್ವಾಸಸ್ತಂಭ ಮತ್ತು ದಾಂಪತ್ಯಜೀವನ

ಗೊರಕೆಯೆಂಬುದು ನಮ್ಮಲ್ಲಿ ಬಹುಕಾಲದಿಂದ ಪರಿಹಾಸದ ವಸ್ತುವಾಗಿ ಉಳಿದುಬಂದಿದೆ. ರಂಗದ ಮೇಲೆ ಹಾಸ್ಯಗಾರನೊಬ್ಬನು ಮಲಗಿ ಗೊರಕೆ ಹೊಡೆದರೆ ಸಾಕು, ಸಭೆಯೆಲ್ಲ ನಗುತ್ತದೆ. ಮನೆಯಲ್ಲಿ ಯಾರಾದರೂ ಹೊಡೆದರೆ ಕುಂಭಕರ್ಣನ ಹೆಸರು ಹೊರಬೀಳುತ್ತದೆ. ನಗೆಯ ಮಾತು ಹಾಗಿರಲಿ; ನಮ್ಮ ನುಡಿಯಲ್ಲಿಯೇ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. 'ಗೊರಕೆ ಹೊಡೆದು ನಿದ್ದೆಮಾಡಿದನು' ಎಂದರೆ ಯಾವ ಚಿಂತೆಯೂ ಇಲ್ಲದೆ ಗಾಢವಾಗಿ ನಿದ್ರಿಸಿದನೆಂದೇ ಎಲ್ಲರೂ ಅರ್ಥಮಾಡುತ್ತಾರೆ. ವಾಸ್ತವವಾಗಿ ಗೊರಕೆಯು ಗಾಢನಿದ್ರೆಯ ಲಕ್ಷಣವಲ್ಲ. ಸಂಕುಚಿತವಾದ ಕಂಠಮಾರ್ಗದಲ್ಲಿ ಗಾಳಿಯು ನುಸುಳುವಾಗ ಅಲ್ಲಿಯ ಮೃದುಭಾಗಗಳು ಕಂಪಿಸಿ ಹೊರಡುವ ಶಬ್ದ. ಆ ಶಬ್ದವು ನಡುನಡುವೆ ತಟ್ಟನೆ ನಿಂತು, ಹತ್ತಿಪ್ಪತ್ತು ಸೆಕೆಂಡುಗಳ ಕಾಲ ಏನೂ ಕೇಳಿಸದೆ, ಬಳಿಕ ದೊಡ್ಡದೊಂದು ಏದುಸಿರಿನೊಡನೆ ಮರಳುವುದಾದರೆ ಅದು ರೋಗದ ಸೂಚನೆ. ವೈದ್ಯರು ಇದನ್ನು 'ಸ್ಲೀಪ್ ಆಪ್ನಿಯ' ಎಂದು ಕರೆಯುತ್ತಾರೆ. ಈ ಲೇಖನದಲ್ಲಿ ನಾವು ಅದನ್ನು ನಿದ್ರಾಶ್ವಾಸಸ್ತಂಭ, ಸಂಕ್ಷೇಪವಾಗಿ ಶ್ವಾಸಸ್ತಂಭ, ಎಂದು ವ್ಯವಹರಿಸುತ್ತೇವೆ.

ಈ ರೋಗವು ಹೃದಯಕ್ಕೂ ರಕ್ತನಾಳಗಳಿಗೂ ತರುವ ಹಾನಿ ಈಗ ವಿದ್ಯಾವಂತರಲ್ಲಿ ಅನೇಕರಿಗೆ ತಿಳಿದಿದೆ. ಅದು ದಂಪತಿಗಳ ಕಾಮಜೀವನವನ್ನೂ ಅವರ ಪರಸ್ಪರ ಸಾಮೀಪ್ಯವನ್ನೂ ಹೇಗೆ ಬಾಧಿಸುತ್ತದೆ ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಕಾರಣ ಸ್ಪಷ್ಟವಾಗಿದೆ: ಇಲ್ಲಿರುವ ಎರಡು ಸಂಗತಿಗಳಲ್ಲಿ ಒಂದನ್ನು ನಗೆ ಮುಚ್ಚಿದೆ, ಇನ್ನೊಂದನ್ನು ನಾಚಿಕೆ ಮುಚ್ಚಿದೆ. ಉಸಿರಾಟದ ರೋಗಗಳನ್ನು ನೋಡುವ ವೈದ್ಯರು ಸಾಮಾನ್ಯವಾಗಿ ಹಾಸಿಗೆಯ ವಿಚಾರವನ್ನು ಕೇಳುವುದಿಲ್ಲ. ಲೈಂಗಿಕ ದೌರ್ಬಲ್ಯಕ್ಕೆ ಔಷಧ ಕೊಡುವವರು ಗೊರಕೆಯ ವಿಚಾರವನ್ನು ಕೇಳುವುದಿಲ್ಲ. ನಡುವೆ ಸಿಕ್ಕಿದ ದಂಪತಿಗಳು ಕಂಠದಲ್ಲಿರುವ ದೋಷವನ್ನು ಮನಸ್ಸಿನಲ್ಲಿ ಹುಡುಕುತ್ತ, ಒಲವು ಕುಂದಿತೆಂದು ಒಬ್ಬರನ್ನೊಬ್ಬರು ಶಂಕಿಸುತ್ತ ವರ್ಷಗಳನ್ನು ಕಳೆಯುವುದುಂಟು. ಈ ವಿಷಯದಲ್ಲಿ ಶರೀರಶಾಸ್ತ್ರವು ಏನನ್ನು ಹೇಳಬಲ್ಲುದೆಂಬುದನ್ನು ಇಲ್ಲಿ ವಿಚಾರಮಾಡಲು ಉದ್ದೇಶಿಸಿದ್ದೇವೆ.

ಎಚ್ಚರವಾಗಿರುವಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಶ್ವಾಸಮಾರ್ಗವನ್ನು ತೆರೆದಿಟ್ಟಿರುತ್ತವೆ. ನಿದ್ರೆಯಲ್ಲಿ ಅವು ಸಡಿಲಗೊಳ್ಳುತ್ತವೆ. ಕೊಬ್ಬು ಶೇಖರವಾದ ಕತ್ತು, ಹಿಂದಕ್ಕೆ ಸರಿದ ಕೆಳದವಡೆ, ಊದಿದ ಟಾನ್ಸಿಲುಗಳು, ಅಂಗಾತ ಮಲಗುವ ಅಭ್ಯಾಸ, ಮಲಗುವ ಮುನ್ನ ಸೇವಿಸಿದ ಮದ್ಯ, ಇವುಗಳಲ್ಲಿ ಒಂದೋ ಹಲವೋ ಸೇರಿದಾಗ ನಾಲಗೆಯ ಬುಡವೂ ಮೃದುತಾಲುವೂ ಹಿಂದಕ್ಕೆ ಕುಸಿದು ದಾರಿಯನ್ನು ಮುಚ್ಚಿಬಿಡುತ್ತವೆ. ಎದೆಯೂ ಹೊಟ್ಟೆಯೂ ಉಸಿರಿಗಾಗಿ ಹೆಣಗುತ್ತಿದ್ದರೂ ಗಾಳಿ ಒಳಗೆ ಹೋಗದು. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಇಂಗಾಲದ ಡೈ ಆಕ್ಸೈಡು ಏರುತ್ತದೆ. ಅಪಾಯವನ್ನರಿತ ಮೆದುಳು ಕ್ಷಣಮಾತ್ರ ಎಚ್ಚೆತ್ತು ಸ್ನಾಯುಗಳನ್ನು ಬಿಗಿದು ದಾರಿಯನ್ನು ತೆರೆಯುತ್ತದೆ. ಮತ್ತೆ ನಿದ್ರೆ, ಮತ್ತೆ ಕುಸಿತ. ಮಲಗಿದವನಿಗೆ ಈ ಎಚ್ಚರಗಳ ನೆನಪೇ ಇರುವುದಿಲ್ಲ. ಉಸಿರು ೧೦ ಸೆಕೆಂಡುಗಳಿಗೆ ಕಡಮೆಯಿಲ್ಲದಂತೆ ನಿಂತರೆ ಅಥವಾ ಗಣನೀಯವಾಗಿ ಕುಗ್ಗಿದರೆ ಅದನ್ನು ಒಂದು ಘಟನೆಯೆಂದು ಎಣಿಸುವುದು ರೂಢಿ. ವಯಸ್ಕರಲ್ಲಿ ಗಂಟೆಗೆ ೫ಕ್ಕಿಂತ ಕಡಮೆಯಾದರೆ ಸಾಧಾರಣ. ೫ರಿಂದ ೧೫ರವರೆಗೆ ಸೌಮ್ಯ. ೧೫ರಿಂದ ೩೦ರವರೆಗೆ ಮಧ್ಯಮ. ಅದನ್ನು ಮೀರಿದರೆ ತೀವ್ರ. ತೀವ್ರರೋಗಿಯೊಬ್ಬನು ೮ ಗಂಟೆಗಳ ಕಾಲ ನಿದ್ರಿಸಿದನೆಂದರೆ ಆ ಒಂದೇ ರಾತ್ರಿಯಲ್ಲಿ ೨೪೦ ಬಾರಿಯಾದರೂ ಅವನ ಉಸಿರಿಗೆ ತಡೆಯುಂಟಾಗಿರುತ್ತದೆ.

ರೋಗವು ಹಳೆಯದಾದರೂ ಅದರ ಜ್ಞಾನ ಹೊಸದು. ಚಾರ್ಲ್ಸ್ ಡಿಕನ್ಸ್ ೧೮೩೬-೩೭ರಲ್ಲಿ ಕಂತುಕಂತಾಗಿ ಪ್ರಕಟಿಸಿದ 'ಪಿಕ್‌ವಿಕ್ ಪೇಪರ್ಸ್' ಎಂಬ ಕಾದಂಬರಿಯಲ್ಲಿ ಜೋ ಎಂಬ ಸ್ಥೂಲಕಾಯದ ಹುಡುಗನೊಬ್ಬನು ಬರುತ್ತಾನೆ. ನಿಂತಲ್ಲಿಯೇ ಕುಳಿತಲ್ಲಿಯೇ ಗೊರಕೆ ಹೊಡೆಯುವುದು ಅವನ ಸ್ವಭಾವ. ಇಂಗ್ಲಿಷ್ ತರಗತಿಗಳಲ್ಲಿ ಇವನನ್ನು ಕಂಡು ನಕ್ಕವರು ನಮ್ಮ ವಾಚಕರಲ್ಲಿಯೂ ಇರಬಹುದು. ೧೯೫೬ರಲ್ಲಿ ಅಮೆರಿಕದ ಬರ್ವೆಲ್ ಮತ್ತು ಅವರ ಸಂಗಡಿಗರು ಅತಿಸ್ಥೂಲನಾದ ರೋಗಿಯೊಬ್ಬನ ವೃತ್ತಾಂತವನ್ನು ಪ್ರಕಟಿಸಿ, ಈ ಹುಡುಗನನ್ನು ನೆನೆದು, ಆ ಲಕ್ಷಣಸಮೂಹಕ್ಕೆ 'ಪಿಕ್‌ವಿಕಿಯನ್' ಎಂಬ ಹೆಸರನ್ನು ಬಳಸಿದರು. ಆ ರೋಗಿಯು ಇಸ್ಪೀಟಿನಾಟದಲ್ಲಿ ಗೆಲ್ಲುವ ಎಲೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ತೂಕಡಿಸಿಬಿಟ್ಟನಂತೆ! ಆದರೆ ಹಗಲಿನ ತೂಕಡಿಕೆಗೆ ಕಾರಣವು ಇರುಳಿನ ಉಸಿರಿನಲ್ಲಿದೆ ಎಂಬುದು ಆಗ ಹೊಳೆದಿರಲಿಲ್ಲ. ೧೯೬೫ರಲ್ಲಿ ಫ್ರಾನ್ಸಿನ ಗಾಸ್ತೊ ಮತ್ತು ಸಂಗಡಿಗರೂ, ಜರ್ಮನಿಯ ಯುಂಗ್ ಮತ್ತು ಕೂಲೊ ಅವರೂ ಇಂಥ ರೋಗಿಗಳನ್ನು ರಾತ್ರಿಯಲ್ಲಿ ಪರೀಕ್ಷಿಸಿ ಶ್ವಾಸವು ಪದೇಪದೇ ಕಟ್ಟುವುದನ್ನು ದಾಖಲಿಸಿದರು. ೧೯೭೬ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಗಿಯಮಿನೊ ಮತ್ತು ಅವರ ಸಂಗಡಿಗರು ರೋಗಕ್ಕೆ ಈಗಿನ ಹೆಸರನ್ನು ಕೊಟ್ಟರು. ಅವರೇ ಮರುವರ್ಷ ೨೫ ರೋಗಿಗಳ ವಿವರವನ್ನು ಪ್ರಕಟಿಸಿದಾಗ ಕಾಮಶಕ್ತಿಯ ಕುಂದನ್ನೂ ಅದರ ಲಕ್ಷಣಗಳಲ್ಲಿ ಸೇರಿಸಿದ್ದರು. ಆದಕಾರಣ ನಾವು ಚರ್ಚಿಸುತ್ತಿರುವ ಸಂಬಂಧವು ನಿನ್ನೆ ಮೊನ್ನೆ ಕಂಡದ್ದಲ್ಲ. ರೋಗದ ಹೆಸರಿನಷ್ಟೇ ಅದೂ ಹಳೆಯದು.

ಇದು ಅಪೂರ್ವರೋಗವೂ ಅಲ್ಲ. ೧೯೯೩ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ನೌಕರರಲ್ಲಿ ನಡೆದ ಪ್ರಸಿದ್ಧ ಸಮೀಕ್ಷೆಯಂತೆ, ೩೦ರಿಂದ ೬೦ ವರ್ಷದ ಪುರುಷರಲ್ಲಿ ಶೇಕಡ ೨೪ ಮಂದಿಗೂ ಸ್ತ್ರೀಯರಲ್ಲಿ ಶೇಕಡ ೯ ಮಂದಿಗೂ ಗಂಟೆಗೆ ೫ ಅಥವಾ ಹೆಚ್ಚು ಬಾರಿ ಉಸಿರು ಕಟ್ಟುತ್ತಿದ್ದಿತು. ಹಗಲಿನ ತೂಕಡಿಕೆಯೂ ಕೂಡಿದ್ದವರು ಪುರುಷರಲ್ಲಿ ಶೇಕಡ ೪, ಸ್ತ್ರೀಯರಲ್ಲಿ ಶೇಕಡ ೨. ಮುಂಬಯಿಯಲ್ಲಿ ಉದ್ವಾಡಿಯ ಮತ್ತು ಸಂಗಡಿಗರು ೨೦೦೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ೩೫ರಿಂದ ೬೫ ವರ್ಷದ ಪುರುಷರಲ್ಲಿ ಶೇಕಡ ೭.೫ ಮಂದಿ ಲಕ್ಷಣಸಹಿತವಾದ ರೋಗವುಳ್ಳವರೆಂದು ಕಂಡುಬಂದಿತು. ಆ ಅಧ್ಯಯನದಲ್ಲಿ ಸ್ತ್ರೀಯರನ್ನು ಪರೀಕ್ಷಿಸಿರಲಿಲ್ಲ ಎಂಬುದನ್ನು ಗಮನಿಸಬೇಕು. ಈ ಲೋಪದ ವಿಷಯ ಮುಂದೆ ಬರುತ್ತದೆ.

ಈಗ ಪ್ರಕೃತ ವಿಷಯಕ್ಕೆ ಬರೋಣ. ಆರೋಗ್ಯವಂತನಾದ ಪುರುಷನ ಜನನೇಂದ್ರಿಯವು ನಿದ್ರೆಯಲ್ಲಿ ಹಲವು ಬಾರಿ ತಾನಾಗಿಯೇ ಉದ್ರೇಕಗೊಳ್ಳುತ್ತದೆ. ಜರ್ಮನಿಯ ಓಲ್‌ಮೆಯರ್ ಮತ್ತು ಸಂಗಡಿಗರು ೧೯೪೪ರಲ್ಲಿ ಇದನ್ನು ಅಳೆದು, ಸುಮಾರು ೮೫ ನಿಮಿಷಗಳಿಗೊಮ್ಮೆ ಇದು ಮರುಕಳಿಸುವುದೆಂದು ತೋರಿಸಿದ್ದರು. ಇದರ ಅರ್ಥ ಆಗ ತಿಳಿಯಲಿಲ್ಲ. ೧೯೫೩ರಲ್ಲಿ ಷಿಕಾಗೋದ ಆಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬುವರು ನಿದ್ರೆಯ ಕೆಲವು ಅವಧಿಗಳಲ್ಲಿ ಮುಚ್ಚಿದ ರೆಪ್ಪೆಗಳ ಒಳಗೆ ಕಣ್ಣುಗಳು ವೇಗವಾಗಿ ಚಲಿಸುವುದನ್ನು ಕಂಡುಹಿಡಿದರು. ಕನಸುಗಳು ಬಹುವಾಗಿ ಬೀಳುವುದು ಈ ಅವಧಿಗಳಲ್ಲಿಯೇ. ಇದನ್ನು ನಾವು ಚಲನೇತ್ರನಿದ್ರೆ ಎನ್ನೋಣ. ೧೯೬೫ರಲ್ಲಿ ಫಿಷರ್ ಮೊದಲಾದವರು ಈ ಎರಡು ಸಂಗತಿಗಳನ್ನು ಜೋಡಿಸಿದರು: ಪುರುಷನ ನಿದ್ರೆಯ ಉದ್ರೇಕಗಳು ಬಹುಮಟ್ಟಿಗೆ ಚಲನೇತ್ರನಿದ್ರೆಯ ಅವಧಿಗಳೊಡನೆಯೇ ಬಂದುಹೋಗುತ್ತವೆ. ಈ ನಿದ್ರೆಯು ಹೆಚ್ಚಾಗಿ ಬರುವುದು ರಾತ್ರಿಯ ಕೊನೆಯ ಜಾವದಲ್ಲಿ. ಬೆಳಗ್ಗೆ ಏಳುವಾಗ ಪುರುಷರಲ್ಲಿ ಅನೇಕವೇಳೆ ಉದ್ರೇಕವಿರುವುದಕ್ಕೆ ಇದೇ ಕಾರಣ. ಆಗಾಗ ಹೀಗೆ ರಕ್ತವು ಹರಿದುಬರುವುದರಿಂದ ಆ ಅವಯವದ ಧಾತುಗಳಿಗೆ ಆಮ್ಲಜನಕ ಒದಗಿ ಅವು ಸುಸ್ಥಿತಿಯಲ್ಲಿರುತ್ತವೆಂದು ಹಲವರು ಭಾವಿಸುತ್ತಾರೆ.

ದುರ್ದೈವದ ಸಂಗತಿಯೆಂದರೆ, ಗಂಟಲಿನ ಸ್ನಾಯುಗಳು ಅತ್ಯಂತ ಸಡಿಲವಾಗುವುದೂ ಇದೇ ಚಲನೇತ್ರನಿದ್ರೆಯಲ್ಲಿ. ಆ ಹೊತ್ತಿನಲ್ಲಿ ಕನಸು ಕಾಣುವವನು ಕೈಕಾಲು ಬಡಿಯದಂತೆ ಮೆದುಳು ದೇಹದ ಬಹುಪಾಲು ಸ್ನಾಯುಗಳನ್ನು ನಿಷ್ಕ್ರಿಯಗೊಳಿಸಿರುತ್ತದೆ. ಆದುದರಿಂದ ಶ್ವಾಸಸ್ತಂಭದ ಅವಧಿಗಳು ಆಗಲೇ ಹೆಚ್ಚು ದೀರ್ಘ, ಆಮ್ಲಜನಕದ ಇಳಿತವೂ ಆಗಲೇ ಹೆಚ್ಚು. ರೋಗವು ಯಾವ ಗಳಿಗೆಯಲ್ಲಿ ಪ್ರಬಲವೋ ಆ ಗಳಿಗೆಯೇ ಕಾಮಾಂಗದ ಪೋಷಣೆಯ ಗಳಿಗೆಯೂ ಆಗಿದೆ. ನಿದ್ರೆಯು ತುಂಡುತುಂಡಾಗುತ್ತಲೇ ಉದ್ರೇಕಗಳೂ ಕಡಮೆಯಾಗುತ್ತವೆ.

ಅಪಾಯವು ನಿದ್ರೆಯೊಡನೆ ಮುಗಿಯುವುದಿಲ್ಲ. ಉದ್ರೇಕವೆಂಬುದು ಮೂಲತಃ ರಕ್ತನಾಳಗಳ ಕಾರ್ಯ. ನರಗಳ ತುದಿಗಳೂ ನಾಳಗಳ ಒಳಪೊರೆಯೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸ್ರವಿಸಿದಾಗ ನಾಳಗಳು ಸಡಿಲಗೊಂಡು ರಕ್ತವು ತುಂಬಿಕೊಳ್ಳುತ್ತದೆ. ರಕ್ತನಾಳಗಳಲ್ಲಿ ಈ ಅನಿಲದ ಪಾತ್ರವನ್ನು ಶೋಧಿಸಿದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾಡ್ ಅವರಿಗೆ ೧೯೯೮ರಲ್ಲಿ ನೊಬೆಲ್ ಪಾರಿತೋಷಿಕ ದೊರೆಯಿತು. ದೇಹವು ಈ ಅನಿಲವನ್ನು ತಯಾರಿಸಲು ಆಮ್ಲಜನಕವೇ ಕಚ್ಚಾವಸ್ತು. ರಾತ್ರಿ ನೂರಾರು ಬಾರಿ ಆಮ್ಲಜನಕ ಇಳಿದು ಏರುತ್ತಿದ್ದರೆ ನಾಳಗಳ ಒಳಪೊರೆಯು ಕ್ರಮೇಣ ಕೆಡುತ್ತದೆ, ಅನಿಲದ ಉತ್ಪಾದನೆಯೂ ಕುಗ್ಗುತ್ತದೆ. ಇದರ ಮೇಲೆ ಇನ್ನೊಂದು ಹೊರೆಯಿದೆ. ಉಸಿರು ಕಟ್ಟಿದಾಗಲೆಲ್ಲ ದೇಹವು ಶತ್ರುವನ್ನು ಎದುರಿಸುವಂತೆ ಸಿದ್ಧವಾಗುತ್ತದೆ. ಹೃದಯವು ಬಡಿದುಕೊಳ್ಳುತ್ತದೆ, ನಾಳಗಳು ಬಿಗಿಯುತ್ತವೆ. ಈ ಭಯಪ್ರತಿಕ್ರಿಯೆಯನ್ನು ನಡೆಸುವ ನರಮಂಡಲವು ಹಗಲಿನಲ್ಲಿಯೂ ಪೂರ್ಣವಾಗಿ ಶಾಂತವಾಗುವುದಿಲ್ಲ. ಉದ್ರೇಕಕ್ಕೆ ಬೇಕಾದುದು ಇದಕ್ಕೆ ವಿರುದ್ಧವಾದ ನರಮಂಡಲದ ಆಳ್ವಿಕೆ, ಅಂದರೆ ನಿಶ್ಚಿಂತೆ. ಕಾಳಗಕ್ಕೆ ಸಜ್ಜಾದ ದೇಹವು ಪ್ರಣಯಕ್ಕೆ ಒದಗಲಾರದು.

ಹಾರ್ಮೋನುಗಳ ಮಾತು ಹೆಚ್ಚು ತೊಡಕಿನದು. ಆದುದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಅವಶ್ಯ. ಪುರುಷನಲ್ಲಿ ಕಾಮೇಚ್ಛೆಯನ್ನು ಪೋಷಿಸುವ ಟೆಸ್ಟೋಸ್ಟಿರೋನ್ ನಿದ್ರೆಯೊಡನೆ ಏರಿ ಬೆಳಗಿನ ವೇಳೆಗೆ ಶಿಖರವನ್ನು ಮುಟ್ಟುತ್ತದೆ. ೨೦೧೧ರಲ್ಲಿ ಷಿಕಾಗೋದಲ್ಲಿ ಲೆಪ್ರೂ ಮತ್ತು ವಾನ್ ಕೌಟರ್ ಎಂಬುವರು ಆರೋಗ್ಯವಂತರಾದ ೧೦ ಮಂದಿ ತರುಣರನ್ನು ಒಂದು ವಾರ ರಾತ್ರಿಗೆ ೫ ಗಂಟೆ ಮಾತ್ರ ನಿದ್ರಿಸಗೊಟ್ಟಾಗ ಅವರ ಹಗಲಿನ ಟೆಸ್ಟೋಸ್ಟಿರೋನ್ ಶೇಕಡ ೧೦ರಿಂದ ೧೫ರಷ್ಟು ಇಳಿಯಿತು. ಪರೀಕ್ಷೆಯ ಹಿಂದಿನ ವಾರಗಳಲ್ಲಿ ರಾತ್ರಿಯೆಲ್ಲ ಓದುವ ವಿದ್ಯಾರ್ಥಿಗಳು ಇದನ್ನು ಗಮನಿಸಬಹುದು. ಶ್ವಾಸಸ್ತಂಭದ ರೋಗಿಗಳಲ್ಲಿಯೂ ಈ ಹಾರ್ಮೋನು ಕಡಮೆಯಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಹಾಗಾದರೆ ರೋಗವೇ ಹಾರ್ಮೋನನ್ನು ಕುಂದಿಸಿತೆನ್ನಬಹುದೆ? ಅಷ್ಟು ಸುಲಭವಾಗಿ ಹೇಳಲಾಗದು. ಈ ರೋಗಿಗಳಲ್ಲಿ ಬಹುಮಂದಿ ಸ್ಥೂಲಕಾಯರು, ಮತ್ತು ಸ್ಥೂಲತೆಯೊಂದೇ ಟೆಸ್ಟೋಸ್ಟಿರೋನನ್ನು ಇಳಿಸಬಲ್ಲುದು. ಚಿಕಿತ್ಸೆಯಿಂದ ಉಸಿರು ಸರಿಹೋದ ಮೇಲೂ ಹಾರ್ಮೋನಿನ ಮಟ್ಟವು ಗಮನಾರ್ಹವಾಗಿ ಏರುವುದಿಲ್ಲವೆಂದು ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಗಳು ತಿಳಿಸುತ್ತವೆ. ತೂಕ ಇಳಿದರೆ ಏರುತ್ತದೆ. ಆದಕಾರಣ ಹಾರ್ಮೋನಿನ ಕುಂದಿಗೆ ಮುಖ್ಯ ಹೊಣೆ ಸ್ಥೂಲತೆಯದೆಂದೂ, ಶ್ವಾಸಸ್ತಂಭವು ಕೆಡುಕನ್ನು ತರುವುದು ಹೆಚ್ಚಾಗಿ ರಕ್ತನಾಳಗಳ, ನರಗಳ ಮತ್ತು ಆಯಾಸದ ಮೂಲಕವೆಂದೂ ನಮಗೆ ತೋರುತ್ತದೆ.

ಈ ಎಚ್ಚರಿಕೆಯನ್ನು ಇನ್ನೂ ವಿಸ್ತರಿಸಬೇಕು. ಶ್ವಾಸಸ್ತಂಭವುಳ್ಳವನಿಗೆ ಮಧುಮೇಹವೂ ಏರಿದ ರಕ್ತದೊತ್ತಡವೂ ಇರುವುದು ಸಾಮಾನ್ಯ. ಇವೆರಡೂ ಸ್ವತಂತ್ರವಾಗಿಯೇ ನಿಮಿರುದೌರ್ಬಲ್ಯವನ್ನು ತರಬಲ್ಲವು; ರಕ್ತದೊತ್ತಡಕ್ಕೂ ಮನಸ್ಸಿನ ಖಿನ್ನತೆಗೂ ಕೊಡುವ ಕೆಲವು ಔಷಧಗಳೂ ಹಾಗೆಯೇ. ಒಬ್ಬ ರೋಗಿಯಲ್ಲಿ ಯಾವುದು ಎಷ್ಟು ಪಾಲಿನ ಕಾರಣವೆಂದು ಬೇರ್ಪಡಿಸುವುದು ಕಷ್ಟ. ಗೊರಕೆ ಹೊಡೆಯುವವರೆಲ್ಲ ರೋಗಿಗಳಲ್ಲ, ರೋಗಿಗಳೆಲ್ಲ ಕಾಮಶಕ್ತಿಯನ್ನು ಕಳೆದುಕೊಂಡವರೂ ಅಲ್ಲ.

ನಾಳ, ನರ, ಹಾರ್ಮೋನುಗಳ ಮಾತು ಇಷ್ಟು. ಆದರೆ ದಾಂಪತ್ಯವು ಇವುಗಳಿಂದಲೇ ಆದುದಲ್ಲವಷ್ಟೆ? ಹಗಲೆಲ್ಲ ತೂಕಡಿಸುವ, ಸಣ್ಣ ಮಾತಿಗೂ ಸಿಡುಕುವ, ಸಂಜೆ ಮನೆಗೆ ಬಂದೊಡನೆ ಕುರ್ಚಿಯಲ್ಲಿಯೇ ಕಣ್ಣುಮುಚ್ಚುವ ಗಂಡನು ಹೆಂಡತಿಗೆ ಉದಾಸೀನನಾಗಿ ಕಾಣುವುದು ಸಹಜ. ರಾತ್ರಿಯೆಲ್ಲ ಅವನ ಗೊರಕೆಯನ್ನು ಕೇಳಿ, ಅದು ನಿಂತಾಗ ಉಸಿರು ಮರಳುವುದೋ ಇಲ್ಲವೋ ಎಂದು ಎದ್ದು ಕುಳಿತು ಕಾಯುವ ಹೆಂಡತಿಗೆ ಬೆಳಗಿನಲ್ಲಿ ಪ್ರೀತಿಯ ಮಾತನ್ನಾಡುವ ಚೈತನ್ಯ ಉಳಿದಿರುವುದಿಲ್ಲ. ಅಮೆರಿಕದ ಮೇಯೊ ಚಿಕಿತ್ಸಾಲಯದವರು ೧೯೯೯ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗವು ಇಲ್ಲಿ ಉಲ್ಲೇಖಾರ್ಹ. ೧೦ ದಂಪತಿಗಳಲ್ಲಿ ಗಂಡನ ಉಸಿರನ್ನು ಯಂತ್ರದ ಸಹಾಯದಿಂದ ಸರಿಪಡಿಸಿದಾಗ, ಪಕ್ಕದಲ್ಲಿ ಮಲಗಿದ್ದ ಹೆಂಡತಿಯ ನಿದ್ರೆಯು ಹಾಸಿಗೆಯಲ್ಲಿ ಕಳೆದ ಕಾಲದ ಶೇಕಡ ೭೪ರಿಂದ ೮೭ಕ್ಕೆ ಏರಿತು. ಚಿಕಿತ್ಸೆ ಒಬ್ಬರಿಗೆ, ನಿದ್ರೆ ಇಬ್ಬರಿಗೆ.

ನಮ್ಮ ಮನೆಗಳಲ್ಲಿ ಹಾಸಿಗೆಗಳು ಬೇರೆಯಾಗುವ ರೀತಿಯೂ ವಿಶಿಷ್ಟವಾದುದು. ಮಕ್ಕಳ ಪರೀಕ್ಷೆಯೆಂದೋ, ಅತ್ತೆಯವರಿಗೆ ರಾತ್ರಿ ನೀರು ಕೊಡಬೇಕೆಂದೋ ನೆಪ ಹೇಳಿ ಹೆಂಡತಿ ಬೇರೊಂದು ಕೋಣೆಗೆ ಹೋಗುತ್ತಾಳೆ. ಪರೀಕ್ಷೆ ಮುಗಿದರೂ ಹಿಂದಿರುಗುವುದಿಲ್ಲ. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಿದ್ರೆಗಾಗಿ ಬೇರೆ ಮಲಗುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಇದರಿಂದ ರೋಗಕ್ಕಿದ್ದ ಒಬ್ಬಳೇ ಸಾಕ್ಷಿಯೂ ದೂರವಾಗುತ್ತಾಳೆ. ಉಸಿರು ನಿಂತದ್ದನ್ನು ಕಂಡವಳು ಅವಳು, ರೋಗಿಯಲ್ಲ. ವೈದ್ಯರ ಬಳಿಗೆ ದಂಪತಿಗಳು ಕೂಡಿ ಹೋಗಬೇಕೆನ್ನುವುದು ಇದಕ್ಕಾಗಿಯೇ.

ಸ್ತ್ರೀಯರ ವಿಷಯದಲ್ಲಿ ಅಧ್ಯಯನಗಳು ವಿರಳ. ಪುರುಷರಲ್ಲಿ ಅಳೆಯಲು ಸುಲಭವಾದುದೊಂದು ಚಿಹ್ನೆ ಇದ್ದುದರಿಂದ ಸಂಶೋಧಕರು ಅದನ್ನೇ ಅಳೆಯುತ್ತ ಕುಳಿತರೆಂದು ಹೇಳಿದರೆ ಅತಿಶಯೋಕ್ತಿಯಾಗದು. ನಡೆದಿರುವ ಕೆಲವು ಅಧ್ಯಯನಗಳಿಂದ ಶ್ವಾಸಸ್ತಂಭವುಳ್ಳ ಸ್ತ್ರೀಯರಲ್ಲಿಯೂ ಕಾಮೇಚ್ಛೆ, ತೃಪ್ತಿಗಳು ಕುಂದುವುದು ಕಂಡುಬಂದಿದೆ. ಅವರಲ್ಲಿ ರೋಗವು ಹೊರಬೀಳುವ ಬಗೆಯೇ ಬೇರೆ: ಭಾರಿ ಗೊರಕೆಗಿಂತ ನಿದ್ರಾಹೀನತೆ, ಬೆಳಗಿನ ತಲೆನೋವು, ತೀರದ ಆಯಾಸ, ಖಿನ್ನತೆ ಇವು ಮುಂದೆ ಬರುತ್ತವೆ. ಮುಟ್ಟು ನಿಂತ ಬಳಿಕ ರೋಗದ ಸಂಭವ ಹೆಚ್ಚುತ್ತದೆ. ಆ ವಯಸ್ಸಿನ ಎಲ್ಲ ಬಳಲಿಕೆಯನ್ನೂ ಮುಟ್ಟಿನ ಲೆಕ್ಕಕ್ಕೆ ಹಾಕುವ ಅಭ್ಯಾಸದಿಂದಾಗಿ ಅದು ಮರೆಯಾಗಿಯೇ ಉಳಿಯುತ್ತದೆ. ಹೆಂಗಸು ಗೊರಕೆ ಹೊಡೆಯುತ್ತಾಳೆಂದು ಹೇಳಿಕೊಳ್ಳುವುದೂ ನಮ್ಮಲ್ಲಿ ಮರ್ಯಾದೆಗೆ ಕುಂದು.

ಚಿಕಿತ್ಸೆಯ ಇತಿಹಾಸದಲ್ಲಿ ೧೯೮೧ ಮುಖ್ಯವಾದ ವರ್ಷ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಮತ್ತು ಸಂಗಡಿಗರು, ಮೂಗಿನ ಮೂಲಕ ಸತತವಾಗಿ ಒತ್ತಡದ ಗಾಳಿಯನ್ನು ಕಳುಹಿಸಿ ಗಂಟಲು ಕುಸಿಯದಂತೆ ತಡೆಯುವ ಉಪಾಯವನ್ನು ಆ ವರ್ಷ ಪ್ರಕಟಿಸಿದರು. ಈಗ 'ಸಿಪ್ಯಾಪ್' ಎಂದು ಕರೆಯಲ್ಪಡುವ ಯಂತ್ರದ ಮೂಲ ಇದೇ. ಇದರಿಂದ ಕಾಮಜೀವನವೂ ಸುಧಾರಿಸುವುದೆ? ಸಿಡ್ನಿಯಲ್ಲಿಯೇ ನಡೆದು ೨೦೧೮ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಶ್ವಾಸಸ್ತಂಭವೂ ನಿಮಿರುದೌರ್ಬಲ್ಯವೂ ಕೂಡಿದ್ದ ೬೧ ಪುರುಷರನ್ನು ೧೨ ವಾರಗಳ ಕಾಲ ಪರೀಕ್ಷಿಸಿದರು. ಯಂತ್ರದಿಂದ ನಿದ್ರೆಯ ಉದ್ರೇಕಗಳು ಹೆಚ್ಚಿದುವು. ಹಗಲಿನ ಶಕ್ತಿಯಲ್ಲಿಯೂ ಇಚ್ಛೆಯಲ್ಲಿಯೂ ಸುಧಾರಣೆ ಕಂಡುಬಂದದ್ದು ಯಂತ್ರವನ್ನು ಕ್ರಮವಾಗಿ ಬಳಸಿದವರಲ್ಲಿ ಮಾತ್ರ. ಅದೇ ವರ್ಷ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದವರು ಪ್ರಕಟಿಸಿದ ಅಧ್ಯಯನದಲ್ಲಿ ಕ್ರಮವಾಗಿ ಯಂತ್ರ ಬಳಸಿದವರ ಲೈಂಗಿಕಜೀವನ ಉತ್ತಮಗೊಂಡಿತ್ತು. ಬೇರೆಬೇರೆಯಾಗಿ ನೋಡಿದಾಗ ಆ ಸುಧಾರಣೆ ಸ್ಪಷ್ಟವಾಗಿ ಕಂಡದ್ದು ಸ್ತ್ರೀಯರಲ್ಲಿ. ಸೌಮ್ಯರೋಗಕ್ಕೆ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ದಂತೋಪಕರಣಗಳುಂಟು. ತೂಕ ಇಳಿಸುವುದು ಎಲ್ಲಕ್ಕೂ ಸಹಕಾರಿ. ೨೦೨೪ರ ಡಿಸೆಂಬರಿನಲ್ಲಿ ಅಮೆರಿಕದ ಸರ್ಕಾರವು ಸ್ಥೂಲರಾದ ಶ್ವಾಸಸ್ತಂಭರೋಗಿಗಳಿಗೆ ಟಿರ್ಜೆಪಟೈಡ್ ಎಂಬ ಚುಚ್ಚುಮದ್ದಿಗೆ ಅನುಮತಿಯಿತ್ತಿತು.

ಎಲ್ಲಕ್ಕಿಂತ ಮಿಗಿಲಾಗಿ ತಿಳಿಸಬೇಕಾದ ಒಂದು ಅಪಾಯವಿದೆ. ಬಸ್ ನಿಲ್ದಾಣದ ಗೋಡೆಗಳ ಮೇಲೆ 'ಗುಪ್ತರೋಗ' ತಜ್ಞರ ಜಾಹೀರಾತುಗಳನ್ನು ಕಾಣದವರಿಲ್ಲ. ನಾಚಿಕೆಯಿಂದ ಮನೆಯ ವೈದ್ಯರನ್ನು ಬಿಟ್ಟು ಅತ್ತ ಹೋದವನಿಗೆ ಶಕ್ತಿವರ್ಧಕವೆಂದು ಏನು ಕೊಡುತ್ತಾರೋ ತಿಳಿಯದು. ಆದರೆ ಹೊರಗಿನಿಂದ ಕೊಟ್ಟ ಟೆಸ್ಟೋಸ್ಟಿರೋನ್ ಶ್ವಾಸಸ್ತಂಭವನ್ನು ಉಲ್ಬಣಗೊಳಿಸಬಹುದು. ಚಿಕಿತ್ಸೆ ಪಡೆಯದ ತೀವ್ರರೋಗಿಗೆ ಅದನ್ನು ಕೊಡಬಾರದೆಂದು ಅಮೆರಿಕದ ಹಾರ್ಮೋನುತಜ್ಞರ ಸಂಘವು ೨೦೧೮ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ನಿಮಿರುದೌರ್ಬಲ್ಯಕ್ಕೆ ಪ್ರಸಿದ್ಧವಾದ ಸಿಲ್ಡೆನಫಿಲ್ ಕೂಡ, ತೀವ್ರರೋಗಿಗಳು ಮಲಗುವಾಗ ೫೦ ಮಿಲಿಗ್ರಾಮಿನ ಒಂದೇ ಗುಳಿಗೆ ಸೇವಿಸಿದಾಗ ಅವರ ರಾತ್ರಿಯ ಉಸಿರನ್ನು ಇನ್ನಷ್ಟು ಕೆಡಿಸಿತೆಂದು ಬ್ರೆಜಿಲ್ ದೇಶದ ಸಂಶೋಧಕರು ೨೦೦೬ರಲ್ಲಿ ವರದಿಮಾಡಿದರು. ಧೈರ್ಯಕ್ಕೆಂದು ಕುಡಿಯುವ ಮದ್ಯವೂ ನಿದ್ರೆಗೆಂದು ನುಂಗುವ ಕೆಲವು ಗುಳಿಗೆಗಳೂ ಗಂಟಲನ್ನು ಇನ್ನಷ್ಟು ಸಡಿಲಗೊಳಿಸುತ್ತವೆ. ಆದುದರಿಂದ ದೌರ್ಬಲ್ಯಕ್ಕೆ ಮದ್ದು ಕೇಳುವವನು ತನ್ನ ಗೊರಕೆಯ, ಹಗಲುನಿದ್ರೆಯ, ರಾತ್ರಿ ಹಲವು ಬಾರಿ ಮೂತ್ರಕ್ಕೆ ಏಳುವುದರ ವಿಚಾರವನ್ನೂ ವೈದ್ಯರಿಗೆ ಹೇಳಲೇಬೇಕು.

ಮುಖಕ್ಕೆ ಕಟ್ಟುವ ಯಂತ್ರವೇ ಪ್ರಣಯಕ್ಕೆ ಅಡ್ಡಿಯಲ್ಲವೆ ಎಂಬ ಪ್ರಶ್ನೆಯನ್ನು ಅನೇಕರು ಕೇಳಲು ಸಂಕೋಚಪಡುತ್ತಾರೆ. ಚಿಕ್ಕ ವಯಸ್ಸಿನ ರೋಗಿಗಳು ಯಂತ್ರವನ್ನು ಮೂಲೆಗಿಡುವುದಕ್ಕೆ ಇದೂ ಒಂದು ಕಾರಣ. ಮುಖವಾಡವು ಬೇಕಾದುದು ನಿದ್ರೆಗೆ. ಎಚ್ಚರವಾಗಿರುವವರೆಗೆ ಅದನ್ನು ತೊಡಬೇಕಾಗಿಲ್ಲ. ಮೂಗಿನ ಹೊಳ್ಳೆಗಳಿಗೆ ಮಾತ್ರ ತಾಗುವ ಕಿರಿದಾದ ಮುಖವಾಡಗಳೂ ಈಗ ದೊರೆಯುತ್ತವೆ, ಯಂತ್ರಗಳ ಸದ್ದೂ ಹಿಂದಿಗಿಂತ ಬಹಳ ಕಡಮೆ. ಮೊದಲ ಕೆಲವು ವಾರಗಳು 'ಇದು ನನ್ನಿಂದಾಗದು' ಎನಿಸುವ ವಾರಗಳು. ಪಟ್ಟಿಯನ್ನು ಸರಿಪಡಿಸಲು, ಮರೆತು ಮಲಗಿದವನನ್ನು ಎಬ್ಬಿಸಿ ತೊಡಿಸಲು ಪಕ್ಕದಲ್ಲೊಬ್ಬರಿದ್ದರೆ ಆ ವಾರಗಳನ್ನು ದಾಟುವುದು ಸುಲಭವಾಗುತ್ತದೆ.